ಹೊಳೆಗಳ ತವರು, ಖಾಲಿ ಕೊಡ

ಚಿಕ್ಕಬಳ್ಳಾಪುರ ಎಂದೊಡನೆ ನಿಮಗೆ ಮೊದಲು ನೆನಪಾಗುವುದು ಏನು? ಮಂಜು ಹೊದ್ದ ನಂದಿ ಬೆಟ್ಟವೇ? ಕಪ್ಪು ದ್ರಾಕ್ಷಿಯೇ? ಬೆಳಗಾಗುವ ಮುನ್ನವೇ ಬೆಂಗಳೂರಿನ ಮಾರುಕಟ್ಟೆಗೆ ಬಂದಿಳಿಯುವ ಗುಲಾಬಿ, ಸೇವಂತಿಗೆಯ ಮೂಟೆಗಳೇ? ಮದುವೆಗೆಂದು ಕೊಂಡು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುವ ನಿಮ್ಮ ರೇಷ್ಮೆ ಸೀರೆಯ ನೂಲು ಕೂಡ ಇದೇ ಜಿಲ್ಲೆಯ ಶಿಡ್ಲಘಟ್ಟದಲ್ಲಿ, ಯಾವುದೋ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಬಿಚ್ಚಿಕೊಂಡಿದ್ದಿರಬಹುದು.

ಆದರೆ ಈ ಜಿಲ್ಲೆಯ ಕುರಿತು ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ದಕ್ಷಿಣ ಭಾರತದ ಹಲವು ನದಿಗಳು ಹುಟ್ಟುವುದು ಇಲ್ಲಿಯ ಬೆಟ್ಟಗಳಲ್ಲಿ. ಅವು ಮೂರು ರಾಜ್ಯಗಳ ನೆಲವನ್ನು ತೋಯಿಸಿ ಸಮುದ್ರ ಸೇರುತ್ತವೆ. ಹೀಗಿದ್ದೂ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದೇ ಒಂದು ನದಿಯಿಲ್ಲ. ರಾಜಧಾನಿಯಿಂದ ಬರೀ ಅರುವತ್ತು ಕಿಲೋಮೀಟರ್ ದೂರದ ಈ ಊರುಗಳಲ್ಲಿ ಹೆಂಗಸರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯಬೇಕಾಗಿ ಬಂದದ್ದು ಏಕೆ? ಇದಕ್ಕೆ ಉತ್ತರ ಬೇಕಾದರೆ ನಾವು ಎರಡು ನಕ್ಷೆಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಒಂದು, ದೇವರು ಬರೆದ ಹೊಳೆಗಳ ನಕ್ಷೆ. ಇನ್ನೊಂದು, ಸರಕಾರ ಬರೆದ ಕಚೇರಿಗಳ ನಕ್ಷೆ. ಇವೆರಡರ ಗೆರೆಗಳು ಎಲ್ಲೂ ಒಂದರ ಮೇಲೊಂದು ಕೂರುವುದಿಲ್ಲ. ಆ ನಡುವಿನ ತೆರಪಿನಲ್ಲೇ ಸಾಮಾನ್ಯ ಕುಟುಂಬದ ಕೊಡ ಖಾಲಿಯಾಗುತ್ತಿದೆ.

ಒಂದೇ ಮಾಡು, ಹಲವು ಹರಿವು

ನಿಮ್ಮ ಹಳೆಯ ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ನೆತ್ತಿಯ ಮೇಲೆ ಬಿದ್ದ ಮಳೆ ಒಂದು ಕಡೆ ಅಂಗಳಕ್ಕೆ, ಇನ್ನೊಂದು ಕಡೆ ಹಿತ್ತಿಲಿಗೆ ಇಳಿಯುತ್ತದೆ. ನಂದಿ ಬೆಟ್ಟದ ಸಾಲು ಈ ಸೀಮೆಯ ಮಟ್ಟಿಗೆ ಅಂಥದೇ ಒಂದು ಮಾಡು. ಸಮುದ್ರಮಟ್ಟದಿಂದ ನಂದಿಯ ಎತ್ತರ ಸುಮಾರು 1,478 ಮೀಟರ್. ಅದರ ಸುತ್ತ ಚೆನ್ನಕೇಶವ ಬೆಟ್ಟ, ಸ್ಕಂದಗಿರಿ ಮೊದಲಾದ ಬೆಟ್ಟಗಳಿವೆ. ಇಲ್ಲಿ ಬೀಳುವ ಮಳೆ ಇಳಿಜಾರನ್ನು ನೋಡಿಕೊಂಡು ಬೇರೆ ಬೇರೆ ದಿಕ್ಕು ಹಿಡಿಯುತ್ತದೆ.

ಉತ್ತರ ಪಿನಾಕಿನಿ ಗೌರಿಬಿದನೂರಿನ ಮಗ್ಗುಲಲ್ಲಿ ಹಾದು ಆಂಧ್ರಪ್ರದೇಶದ ಹಿಂದೂಪುರದ ಕಡೆಗೆ ಹೋಗುತ್ತದೆ. ಅಲ್ಲಿ ಅದರ ಹೆಸರು ಪೆನ್ನಾ. ಸುಮಾರು 597 ಕಿಲೋಮೀಟರ್ ಹರಿದು ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಚಿತ್ರಾವತಿ ಬಾಗೇಪಲ್ಲಿಯನ್ನು ದಾಟಿ ಪುಟ್ಟಪರ್ತಿಯ ದಾರಿ ಹಿಡಿಯುತ್ತದೆ. ಪಾಪಾಗ್ನಿಯೂ ಆಂಧ್ರಕ್ಕೆ ಹೋಗುತ್ತದೆ. ಇವೆರಡೂ ಕೊನೆಗೆ ಪೆನ್ನಾ ನದಿಯನ್ನೇ ಕೂಡಿಕೊಳ್ಳುತ್ತವೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೂಲಕ ತಮಿಳುನಾಡಿಗೆ ಇಳಿದು ಕೃಷ್ಣಗಿರಿಯನ್ನು ದಾಟಿ ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಅರ್ಕಾವತಿಯದು ಬೇರೆಯೇ ದಾರಿ. ಅದು ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರದ ಕಡೆಗೆ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ತವರಿನಲ್ಲಿ ಹುಟ್ಟಿ ಪರರ ಮನೆಯನ್ನು ಬೆಳಗುವ ಹೆಣ್ಣುಮಕ್ಕಳ ಹಾಗೆ ಈ ಹೊಳೆಗಳು. ತವರಿನಲ್ಲಿ ಅವು ಇನ್ನೂ ಎಳೆಯವು. ಮಳೆ ಬಂದಾಗ ಉಕ್ಕುತ್ತವೆ, ಮಳೆ ನಿಂತ ಕೆಲವೇ ವಾರಗಳಲ್ಲಿ ಮರಳಾಗುತ್ತವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಮಲೆನಾಡಿನಲ್ಲಿ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆಯಲ್ಲಿ ಇಲ್ಲಿಯವರು ವರ್ಷ ಕಳೆಯಬೇಕು.

ಹೊಳೆಯನ್ನು ತಡೆದು ನಿಲ್ಲಿಸಿಕೊಳ್ಳಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ಅದೂ ಅಷ್ಟು ಸುಲಭವಲ್ಲ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಬ್ರಿಟಿಷರ ಮದ್ರಾಸ್ ಸರಕಾರಕ್ಕೂ ಒಂದು ಒಪ್ಪಂದವಾಯಿತು. ಕೆಳಗಿನ ಮದ್ರಾಸ್ ಪ್ರಾಂತ್ಯದ ಒಪ್ಪಿಗೆಯಿಲ್ಲದೆ ಮೇಲಿನ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ ಎಂದು ಅದರಲ್ಲಿ ಬರೆಯಲಾದ ನದಿಗಳ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ಎರಡೂ ಪಿನಾಕಿನಿಗಳು, ಚಿತ್ರಾವತಿ, ಪಾಪಾಗ್ನಿ ಕೂಡ ಇದ್ದವು. ಸಂಸ್ಥಾನಗಳು ಹೋದವು, ರಾಜ್ಯಗಳು ಹುಟ್ಟಿದವು, ಆದರೆ ಮೇಲಿನವರು ಮತ್ತು ಕೆಳಗಿನವರು ಎಂಬ ಜಗಳ ಉಳಿಯಿತು. 2000ದ ದಶಕದ ಆರಂಭದಲ್ಲಿ ಬಾಗೇಪಲ್ಲಿಯ ಬಳಿ ಪರಗೋಡಿನಲ್ಲಿ ಚಿತ್ರಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಲು ಹೊರಟಾಗ ಆಂಧ್ರದ ಕಡೆಯಿಂದ ಬಲವಾದ ಆಕ್ಷೇಪ ಬಂದದ್ದನ್ನು ಅಲ್ಲಿಯ ಹಿರಿಯರು ಇನ್ನೂ ಮರೆತಿರಲಾರರು.

ಕೋಲಾರದಿಂದ ಬೇರೆಯಾದ ಜಿಲ್ಲೆ

ಇನ್ನು ಸರಕಾರದ ನಕ್ಷೆಗೆ ಬರೋಣ. 2007ರವರೆಗೆ ಇದೆಲ್ಲವೂ ಕೋಲಾರ ಜಿಲ್ಲೆಯಾಗಿತ್ತು. ಹನ್ನೊಂದು ತಾಲೂಕುಗಳ ದೊಡ್ಡ ಜಿಲ್ಲೆ. ಗೌರಿಬಿದನೂರಿನ ಒಬ್ಬ ವಿಧವೆ ತನ್ನ ಪಿಂಚಣಿಯ ಅರ್ಜಿ ಏನಾಯಿತೆಂದು ಜಿಲ್ಲಾ ಕಚೇರಿಯಲ್ಲಿ ಕೇಳಬೇಕಾದರೆ ನೂರು ಕಿಲೋಮೀಟರಿನಷ್ಟು ದೂರದ ಕೋಲಾರಕ್ಕೆ ಹೋಗಬೇಕಿತ್ತು. ಬಸ್ಸು ಬದಲಿಸಿ ಅಲ್ಲಿ ತಲುಪುವಾಗ ಮಧ್ಯಾಹ್ನ. ಸಾಹೇಬರು ಸಭೆಗೆ ಹೋಗಿದ್ದರೆ ಆ ದಿನದ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ ರಾಮನಗರದ ಜೊತೆಜೊತೆಗೆ ಚಿಕ್ಕಬಳ್ಳಾಪುರವೂ ಹೊಸ ಜಿಲ್ಲೆಯಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಚಿಂತಾಮಣಿ ಎಂಬ ಆರು ತಾಲೂಕುಗಳು ಇತ್ತ ಬಂದವು. ಕೋಲಾರ, ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ ಅತ್ತ ಉಳಿದವು. ಮುಂದೆ ಗೌರಿಬಿದನೂರಿನಿಂದ ಮಂಚೇನಹಳ್ಳಿ, ಬಾಗೇಪಲ್ಲಿಯಿಂದ ಚೇಳೂರು ಹೊಸ ತಾಲೂಕುಗಳಾದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 12,55,104.

ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರಗಳಿವೆ. ಆದರೆ ಲೋಕಸಭೆಯ ವಿಷಯಕ್ಕೆ ಬಂದಾಗ ಗೆರೆ ಮತ್ತೆ ಬದಲಾಗುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ. ಅದೇ ಕ್ಷೇತ್ರಕ್ಕೆ ಬೆಂಗಳೂರಿನ ಯಲಹಂಕವೂ ಸೇರಿದೆ. ಶಿಡ್ಲಘಟ್ಟ, ಚಿಂತಾಮಣಿಗಳು ಮಾತ್ರ ಕೋಲಾರ ಲೋಕಸಭಾ ಕ್ಷೇತ್ರದಲ್ಲೇ ಉಳಿದಿವೆ. ಅಂದರೆ ಶಿಡ್ಲಘಟ್ಟದ ಗೃಹಿಣಿಯ ಜಿಲ್ಲಾಧಿಕಾರಿ ಒಂದು ಊರಿನವರು, ಆಕೆಯ ಸಂಸದರು ಇನ್ನೊಂದು ಕ್ಷೇತ್ರದವರು. ಆಕೆಯ ಊರಿನ ಹೊಳೆಯ ನೀರಿನ ಮೇಲೆ ಮಾತಾಡುವವರು ಮೂರನೆಯ ರಾಜ್ಯದವರು! ಯಾರ ಬಳಿ ಯಾವ ಕೀಲಿಕೈ ಇದೆ ಎಂದು ತಿಳಿಯದಿದ್ದರೆ ನಾವು ತಪ್ಪು ಬಾಗಿಲನ್ನೇ ತಟ್ಟುತ್ತಾ ಕುಳಿತಿರುತ್ತೇವೆ.

ನಾಲ್ಕು ಊರುಗಳು

ಚಿಕ್ಕಬಳ್ಳಾಪುರ ಪಟ್ಟಣ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹಿಂದೆ ಇದು ಆವತಿ ಮನೆತನದ ಪಾಳೇಗಾರರ ನೆಲೆಯಾಗಿತ್ತು. ಮುಂದೆ ಹೈದರ್ ಅಲಿಯ ಕೈ ಸೇರಿತು. ನಂದಿ ದುರ್ಗವನ್ನು ಬಲಪಡಿಸಿದವರು ಹೈದರ್ ಮತ್ತು ಟಿಪ್ಪು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ವಶಪಡಿಸಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇದೇ ತಾಲೂಕಿನಲ್ಲಿದೆ. ಎಲ್ಲೆಲ್ಲಿಯದೋ ನೀರಿಗೆ ಕಟ್ಟೆ ಕಟ್ಟಿಸಿ ಹೊಲ ತುಂಬಿಸಿದ ಆ ಎಂಜಿನಿಯರರ ಹುಟ್ಟೂರಿನ ಸೀಮೆ ನೀರಿಗಾಗಿ ಬಾಯಿ ಬಿಡುತ್ತಿರುವುದು ವಿಪರ್ಯಾಸವಲ್ಲದೆ ಇನ್ನೇನು?

ಗೌರಿಬಿದನೂರು ಬೆಂಗಳೂರು-ಗುಂತಕಲ್ ರೈಲುದಾರಿಯ ಮೇಲೆ, ಆಂಧ್ರದ ಗಡಿಗೆ ಅಂಟಿಕೊಂಡಿದೆ. ಅಲ್ಲಿಯ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ದುರಂತದ ನಂತರ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತುಕತೆ ನಡೆಸಿದರು. ಸಂಸ್ಥಾನದ ಬಾವುಟದ ಜೊತೆ ರಾಷ್ಟ್ರೀಯ ಬಾವುಟವನ್ನೂ ಹಾರಿಸಲು ಒಪ್ಪಿಗೆಯಾಯಿತು. ಇದೇ ತಾಲೂಕಿನ ಅಲೀಪುರ ಶಿಯಾ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಊರು. ಬಣ್ಣದ ಹರಳುಗಳನ್ನು ಉಜ್ಜಿ ಹೊಳಪು ಕೊಡುವ ಕೆಲಸ ಅಲ್ಲಿಯ ಹಲವು ಮನೆಗಳ ಒಲೆ ಉರಿಸಿದೆ.

ಚಿಂತಾಮಣಿ ವ್ಯಾಪಾರದ ಊರು. ಟೊಮ್ಯಾಟೊ, ಮಾವು, ಕಡಲೆಕಾಯಿಯ ವಹಿವಾಟಿಗೆ ಹೆಸರಾದದ್ದು. ಈ ತಾಲೂಕಿನ ಕೈವಾರ, ತತ್ವಪದಗಳನ್ನು ಹಾಡಿದ ಯೋಗಿ ನಾರೇಯಣರ ಊರು. ಅದೇ ತಾಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಇಲ್ಲಿ ಮನೆಯೊಳಗೆ ಉರ್ದು, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎಂದು ಮೂರು ನುಡಿಗಳಲ್ಲಿ ಬದುಕುವವರು ಎಷ್ಟೋ ಮಂದಿ.

ಇನ್ನು ಶಿಡ್ಲಘಟ್ಟ. ಅದರ ಕುರಿತು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನೂಲಿಗೂ ನೀರು ಬೇಕು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದಲ್ಲಿ ರಾಮನಗರದ ನಂತರದ ದೊಡ್ಡ ಮಾರುಕಟ್ಟೆ. ಸುತ್ತಲಿನ ಹಳ್ಳಿಗಳ ರೈತರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. ಮೊಟ್ಟೆಯೊಡೆದ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಇದನ್ನು ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಸುಮಾರು ನಾಲ್ಕು ವಾರಗಳಲ್ಲಿ ಹುಳು ಹಣ್ಣಾಗಿ, ಚಂದ್ರಿಕೆಗೆ ಏರಿ ಗೂಡು ಕಟ್ಟುತ್ತದೆ. ಆ ಹಗಲು ರಾತ್ರಿಗಳಲ್ಲಿ ಸೊಪ್ಪು ಕತ್ತರಿಸುವುದು, ಹುಳುವಿಗೆ ಹಾಕುವುದು, ಕಸ ತೆಗೆಯುವುದು ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ ಬರುತ್ತದೆ.

ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ ರೀಲರುಗಳ ಮನೆ ಸೇರುತ್ತದೆ. ಶಿಡ್ಲಘಟ್ಟದ ರೀಲರುಗಳಲ್ಲಿ ಮುಸ್ಲಿಮ್ ಕುಟುಂಬಗಳದೇ ದೊಡ್ಡ ಪಾಲು. ಚರಕ, ಕಾಟೇಜ್ ಬೇಸಿನ್, ಇತ್ತೀಚೆಗೆ ಸ್ವಯಂಚಾಲಿತ ಯಂತ್ರ ಹೀಗೆ ಘಟಕಗಳಲ್ಲಿ ಹಲವು ಬಗೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆಯಬೇಕು. ಒಂದು ಕಿಲೋ ರೇಷ್ಮೆ ನೂಲಿಗೆ ಸುಮಾರು ಆರರಿಂದ ಎಂಟು ಕಿಲೋ ಗೂಡು ಬೇಕು. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳ ಚರ್ಮ ಸುಲಿಯುತ್ತದೆ. ಹುಳುವಿನ ವಾಸನೆ ಮತ್ತು ಹೊಗೆಯಿಂದ ಕೆಮ್ಮು, ದಮ್ಮು ಅಂಟಿಕೊಳ್ಳುತ್ತದೆ. ಹಿಂದೆ ಈ ಉದ್ಯಮದಲ್ಲಿ ಮಕ್ಕಳ ಕೈಗಳೂ ಬೆಂದಿವೆ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಜೀತದ ಮಕ್ಕಳಿರುವುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿದಾಗ ಜಗತ್ತೇ ಇತ್ತ ತಿರುಗಿ ನೋಡಿತ್ತು.

ಇಷ್ಟೆಲ್ಲ ಹೇಳಿದ್ದು ನೀರಿನ ಮಾತಿಗಾಗಿ. ಹಿಪ್ಪುನೇರಳೆಗೆ ನೀರು ಬೇಕು, ಅದು ಬರುವುದು ಕೊಳವೆಬಾವಿಯಿಂದ. ನೂಲು ತೆಗೆಯಲೂ ನೀರು ಬೇಕು. ಅದೂ ಎಂಥದೋ ನೀರಲ್ಲ, ಮೆದು ನೀರು. ಗಡಸು ನೀರಿನಲ್ಲಿ ಬೇಯಿಸಿದ ಗೂಡಿನ ನೂಲು ಹೊಳಪು ಕಳೆದುಕೊಳ್ಳುತ್ತದೆ, ಎಳೆ ಕಡಿಯುತ್ತದೆ, ಬೆಲೆ ಇಳಿಯುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಲವಣ ಹೆಚ್ಚುವುದು ಸಾಮಾನ್ಯ. ಹೀಗಾಗಿ ಅಂತರ್ಜಲ ಕುಸಿದರೆ ಪೆಟ್ಟು ಮೊದಲು ಬೀಳುವುದು ರೈತನ ತೋಟಕ್ಕೆ, ಮರುದಿನ ರೀಲರನ ತೊಟ್ಟಿಗೆ, ಮೂರನೆಯ ದಿನ ಅಲ್ಲಿ ದಿನಗೂಲಿಗೆ ಕೂರುವ ಹೆಣ್ಣುಮಗಳ ಅನ್ನದ ತಟ್ಟೆಗೆ. ಘಟಕದ ಪರವಾನಗಿ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುತ್ತದೆ. ಕೆಲಸ ನಿಂತಾಗ ಯಾವ ಕಚೇರಿಯ ಕಡತದಲ್ಲೂ ಆ ಹೆಣ್ಣುಮಗಳ ಹೆಸರು ಕಾಣುವುದಿಲ್ಲ.

ಕೆರೆಗಳು ಬತ್ತಿದ್ದು ಹೇಗೆ?

ಹೊಳೆಯನ್ನು ನಂಬಲಾಗದ ಈ ಸೀಮೆಯ ಹಿರಿಯರು ಕೆರೆಗಳನ್ನು ಕಟ್ಟಿದ್ದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಮುಂದಿನ ಕೆರೆಗೆ. ಅದು ತುಂಬಿದರೆ ಅದರ ಮುಂದಿನದಕ್ಕೆ. ಮಣಿಸರದ ಹಾಗೆ ಕೆರೆಗಳ ಸಾಲು. ಯಾರ ಹೊಲಕ್ಕೆ ಎಷ್ಟು ಹೊತ್ತು ತೂಬು ಎತ್ತಬೇಕೆಂದು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಊರಿನವರು ಕೂಡಿ ಹೂಳೆತ್ತಿ ಆ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯಲ್ಲಿ ನೀರಿದ್ದರೆ ಸುತ್ತಲಿನ ತೆರೆದ ಬಾವಿಗಳಲ್ಲೂ ನೀರಿರುತ್ತಿತ್ತು. ಹೆಂಗಸರು ಹಗ್ಗ, ಬಿಂದಿಗೆ ಹಿಡಿದು ಹೋದರೆ ಸಾಕಿತ್ತು.

ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆಗೆ ನೋಡುವವರು ಇಲ್ಲವಾದರು. ಕಾಲುವೆಗಳು ಒತ್ತುವರಿಯಾದವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಹೊಳೆಯ ಮರಳು ಲಾರಿ ಏರಿ ರಾಜಧಾನಿಯ ಕಟ್ಟಡಗಳಿಗೆ ಹೋಯಿತು. ಬೆಟ್ಟದ ಬುಡದಲ್ಲೂ ಹೊಲಗಳಲ್ಲೂ ನೀಲಗಿರಿ ತೋಪುಗಳೆದ್ದವು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದ್ದವು. ಅಂತರ್ಜಲವನ್ನು ಮಿತಿಮೀರಿ ಬಳಸಿರುವ ಪ್ರದೇಶಗಳ ಪಟ್ಟಿಯಲ್ಲಿ ಈ ಜಿಲ್ಲೆಯ ತಾಲೂಕುಗಳು ಸೇರಿ ಎಷ್ಟೋ ವರ್ಷಗಳಾದವು. ಕೊರೆಸಿದ ಬಾವಿ ವಿಫಲವಾದರೆ ಲಕ್ಷಗಟ್ಟಲೆ ಸಾಲ. ಸಾಲ ತೀರಿಸಲು ಮೊದಲು ಗಿರವಿಗೆ ಹೋಗುವುದು ಯಾರ ಮೈಮೇಲಿನ ಬಂಗಾರ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ರಾಜಧಾನಿಗೆ ಹೋದ ನೀರು, ಮರಳಿ ಬಂದ ನೀರು

ಬೆಂಗಳೂರಿಗೆ ಮೊತ್ತಮೊದಲು ನಲ್ಲಿಯ ನೀರು ಕೊಟ್ಟದ್ದು ನಂದಿಯಲ್ಲಿ ಹುಟ್ಟಿದ ಅರ್ಕಾವತಿ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಹೋಯಿತು. ನಗರ ಬೆಳೆಯಿತು, ಅರ್ಕಾವತಿ ಬತ್ತಿತು. 1974ರಿಂದ ನೂರು ಕಿಲೋಮೀಟರಿನಾಚೆಯ ಕಾವೇರಿಯನ್ನು ಪಂಪು ಮಾಡಿ ತರಲಾಯಿತು.

ಈಗ ನಡೆಯುತ್ತಿರುವುದು ಇನ್ನೂ ವಿಚಿತ್ರ. ಬೆಂಗಳೂರಿನ ಮನೆಗಳಲ್ಲಿ ಬಳಸಿ ಬಿಟ್ಟ ಕೊಳಚೆ ನೀರನ್ನು ಶುದ್ಧೀಕರಿಸಿ, ಕೊಳವೆಗಳ ಮೂಲಕ ಈ ಬರದ ಜಿಲ್ಲೆಗಳ ಕೆರೆಗಳಿಗೆ ಹರಿಸಲಾಗುತ್ತಿದೆ. ಕೋಲಾರಕ್ಕೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ಜನರ ಬಾಯಲ್ಲಿ ಅದು ಕೆ.ಸಿ. ವ್ಯಾಲಿ. ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ-ನಾಗವಾರ ಕಣಿವೆಯ ನೀರು, ಎಚ್.ಎನ್. ವ್ಯಾಲಿ. ದಿನಕ್ಕೆ 21 ಕೋಟಿ ಲೀಟರ್ ನೀರು ಕೊಟ್ಟು ಜಿಲ್ಲೆಯ 44 ಕೆರೆಗಳನ್ನು ತುಂಬಿಸುವುದು ಈ ಯೋಜನೆಯ ಗುರಿ.

ಕೆರೆಗಳಲ್ಲಿ ನೀರು ಕಂಡ ರೈತರಿಗೆ ಹರ್ಷವಾದದ್ದು ನಿಜ. ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತೆಂದು ಹೇಳುವವರೂ ಇದ್ದಾರೆ. ಆದರೆ ಇದು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಈ ಹಂತದಲ್ಲಿ ಕಸ, ಕೆಸರು, ಕೊಳೆಯುವ ಪದಾರ್ಥಗಳು ಬಹುಮಟ್ಟಿಗೆ ಹೋಗುತ್ತವೆ. ಕರಗಿರುವ ಸಾರಜನಕ, ರಂಜಕ ಮತ್ತು ರೋಗಾಣುಗಳು ಪೂರ್ತಿಯಾಗಿ ಹೋಗುವುದಿಲ್ಲ. ಅದಕ್ಕೆ ಮೂರನೆಯ ಹಂತದ ಶುದ್ಧೀಕರಣ ಬೇಕು. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಪ್ರಕರಣ ಹೈಕೋರ್ಟಿನವರೆಗೆ ಹೋಗಿ, ನೀರು ಹರಿಸುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಮೂರನೆಯ ಹಂತದ ಶುದ್ಧೀಕರಣ ಮಾಡಿಯೇ ನೀರು ಕೊಡಿ ಎಂಬುದು ಶಾಶ್ವತ ನೀರಾವರಿ ಹೋರಾಟಗಾರರ ಬೇಡಿಕೆ. ಈ ನೀರು ಅಂತರ್ಜಲ ಮರುಪೂರಣಕ್ಕಷ್ಟೇ ಎಂದು ಸರಕಾರ ಹೇಳಿದೆ. ಕೆರೆಯಿಂದ ನೇರವಾಗಿ ಎತ್ತಿ ಕುಡಿಯಲು, ಅಡುಗೆಗೆ ಬಳಸಲು ಇದು ತಕ್ಕುದಲ್ಲ. ಕೆರೆಯಲ್ಲಿ ನೀರು ತುಂಬಿದೆಯೆಂದು ಮಕ್ಕಳನ್ನು ಈಜಲು ಬಿಡುವ, ಅಲ್ಲಿ ಪಾತ್ರೆ ತೊಳೆಯುವ ತಾಯಂದಿರು ಇದನ್ನು ಗಮನದಲ್ಲಿಡಬೇಕು.

ಇನ್ನೊಂದು ನಿರೀಕ್ಷೆ ಎತ್ತಿನಹೊಳೆಯದು. ಪಶ್ಚಿಮ ಘಟ್ಟದ ಹೊಳೆಗಳ 24 ಟಿಎಂಸಿ ನೀರನ್ನು ಪೂರ್ವಕ್ಕೆ ತರುವ ಈ ಯೋಜನೆಗೆ 2014ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದದ್ದು ಚಿಕ್ಕಬಳ್ಳಾಪುರದಲ್ಲೇ. ಮೊದಲ ಹಂತದ ಉದ್ಘಾಟನೆಯಾದದ್ದು ಹತ್ತು ವರ್ಷಗಳ ನಂತರ, 2024ರ ಸೆಪ್ಟೆಂಬರ್ 6ರಂದು, ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನಲ್ಲಿ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದವರು ತಮ್ಮ ನೇತ್ರಾವತಿ ಬಡವಾಗುತ್ತದೆಂದು ಆರಂಭದಿಂದಲೂ ಇದನ್ನು ವಿರೋಧಿಸಿದ್ದಾರೆ. ಇಲ್ಲಿಯೂ ಅದೇ ಮೇಲಿನವರು, ಕೆಳಗಿನವರು ಎಂಬ ಪ್ರಶ್ನೆ. ಆಂಧ್ರದವರು ಚಿತ್ರಾವತಿಯ ಬಗ್ಗೆ ಏನು ಹೇಳಿದರೋ ಅದನ್ನೇ ಮಂಗಳೂರಿನವರು ನೇತ್ರಾವತಿಯ ಬಗ್ಗೆ ಹೇಳುತ್ತಿದ್ದಾರೆ. ಇಬ್ಬರ ಆತಂಕವೂ ಸುಳ್ಳಲ್ಲ.

ಅಡುಗೆಮನೆಗೆ ಬರುವ ನೀರು

ದೊಡ್ಡ ಯೋಜನೆಗಳು ಬರುವಾಗ ಬರಲಿ. ಇಂದು ನಿಮ್ಮ ಮಗು ಕುಡಿಯುವ ಲೋಟದ ನೀರಿನಲ್ಲಿ ಏನಿದೆ? ಈ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಕಾಡುವ ಮುಖ್ಯ ಸಮಸ್ಯೆ ಫ್ಲೋರೈಡ್. ಗಟ್ಟಿ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯಿಂದಲೇ ಫ್ಲೋರೈಡ್ ಸೇರಿಕೊಳ್ಳುತ್ತದೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ತಕ್ಕ ನೀರಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಇಂಥ ನೀರು ಕುಡಿದರೆ ಹಲ್ಲುಗಳ ಮೇಲೆ ಹಳದಿ, ಕಂದು ಕಲೆಗಳಾಗುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಿಕೊಳ್ಳಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಊರೂರಿನಲ್ಲಿ ಬಂದಿರುವುದು ಈ ಕಾರಣಕ್ಕೇ. ಘಟಕ ಕೆಟ್ಟು ನಿಂತಾಗ ಅನಿವಾರ್ಯವಾಗಿ ಮತ್ತೆ ಕೊಳವೆಬಾವಿಯ ನೀರನ್ನೇ ಕುಡಿಸುತ್ತೇವೆ. ಆಗ ಕನಿಷ್ಠ ಪಕ್ಷ ಚಿಕ್ಕ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಬೇರೆ ನೀರನ್ನು ತೆಗೆದಿರಿಸುವುದು ಒಳ್ಳೆಯದು.

ಮಳೆಯ ನೀರಿನಲ್ಲಿ ಈ ತೊಂದರೆಯಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಿಮ್ಮದು ಹತ್ತು ಚದರದ ಮನೆಯೆಂದುಕೊಳ್ಳಿ. ಅಂದರೆ ಸಾವಿರ ಚದರ ಅಡಿ, ಸುಮಾರು 93 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಗೆ ನಿಮ್ಮ ತಾರಸಿಯ ಮೇಲೆ ಬೀಳುವ ನೀರು ಸುಮಾರು 65,000 ಲೀಟರ್. ಪೋಲಾದದ್ದು ಕಳೆದರೂ 50,000 ಲೀಟರ್ ಉಳಿದೀತು. ಐದು ಮಂದಿಯ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ ಎರಡು ಕೊಡ, ಅಂದರೆ ಸುಮಾರು 30 ಲೀಟರ್ ಎಂದರೂ ವರ್ಷಕ್ಕೆ 11,000 ಲೀಟರ್ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು-ಇದ್ದಿಲಿನ ಸೋಸುಕದ ಮೂಲಕ ಮುಚ್ಚಿದ ತೊಟ್ಟಿಗೆ ಹಾಯಿಸಿ, ಕುಡಿಯುವಾಗ ಕುದಿಸಿಕೊಂಡರಾಯಿತು. ವುಝೂಗೆಂದು ದಿನಕ್ಕೈದು ಬಾರಿ ನೀರು ಬಳಸುವ ಮಸೀದಿಗಳ ತಾರಸಿಗಳು ಮನೆಗಳಿಗಿಂತ ಎಷ್ಟು ದೊಡ್ಡವು, ಯೋಚಿಸಿ.

ಯಾವ ಬಾಗಿಲು ತಟ್ಟಬೇಕು?

ಸಹೋದರಿಯರೇ, ನೀರಿನ ಸಮಸ್ಯೆ ಬಂದಾಗ ನಾವು ಬೀದಿಯಲ್ಲಿ ಜಗಳವಾಡುತ್ತೇವೆ, ನೀರು ಬಿಡುವವನನ್ನು ಬೈಯುತ್ತೇವೆ. ಆದರೆ ಅವನ ಕೈಯಲ್ಲಿರುವುದು ವಾಲ್ವು ಮಾತ್ರ. ಆದ್ದರಿಂದ ಈ ಕೆಲವು ವಿಷಯಗಳನ್ನು ಬರೆದಿಟ್ಟುಕೊಳ್ಳಿ.

ಹಳ್ಳಿಯ ಕುಡಿಯುವ ನೀರಿಗೆ ಹೊಣೆ ಗ್ರಾಮ ಪಂಚಾಯಿತಿಯದು. ಮನವಿ ಕೊಡಬೇಕಾದದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಪಟ್ಟಣಗಳಲ್ಲಿ ನಗರಸಭೆಗಳಿವೆ, ಅಲ್ಲಿ ಪೌರಾಯುಕ್ತರನ್ನು ಕಾಣಬೇಕು.

ಕೆರೆಗಳಿಗೆ ಒಬ್ಬನೇ ಯಜಮಾನನಿಲ್ಲ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು ಇರುವ ಸಣ್ಣ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ ಸೇರಿದರೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಕೆರೆ, ರಾಜಕಾಲುವೆ ಒತ್ತುವರಿಯಾಗಿದ್ದರೆ ಅಳತೆ ಮಾಡಿಸುವ ಅಧಿಕಾರ ತಹಶೀಲ್ದಾರರದು. ಕೆರೆಗೆ ವಿಷದ ನೀರು ಸೇರುತ್ತಿದ್ದರೆ ದೂರು ಕೊಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ರೀಲಿಂಗ್ ಘಟಕದ ಪರವಾನಗಿ, ಸಹಾಯಧನದ ವಿಷಯಕ್ಕೆ ರೇಷ್ಮೆ ಇಲಾಖೆ.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಹಳ್ಳಿಯಲ್ಲಿ ಆ ಐವರು ಯಾರು? ಪರೀಕ್ಷೆಯ ಪೆಟ್ಟಿಗೆ ಎಲ್ಲಿದೆ? ಕೇಳಿ ನೋಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದರೆ ಮೂವತ್ತು ದಿನಗಳೊಳಗೆ ನಿಮ್ಮ ಕೊಳವೆಬಾವಿಯ ಪರೀಕ್ಷಾ ವರದಿಯನ್ನು ಕೊಡಲೇಬೇಕು. ಕೆರೆಗೆ ಬರುವ ಎಚ್.ಎನ್. ವ್ಯಾಲಿ ನೀರಿನ ಪರೀಕ್ಷಾ ವರದಿಯನ್ನೂ ಇದೇ ರೀತಿ ಕೇಳಬಹುದು.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ನಮ್ಮ ಹೆಣ್ಣುಮಕ್ಕಳೂ ಗೆದ್ದು ಬರುತ್ತಿದ್ದಾರೆ. ಆದರೆ ಗ್ರಾಮಸಭೆಯ ದಿನ ಆಕೆಯ ಬದಲು ಗಂಡನೋ ಮಗನೋ ಕುರ್ಚಿಯಲ್ಲಿ ಕುಳಿತಿದ್ದರೆ ಆ ಮೀಸಲಾತಿಯಿಂದ ಏನು ಬಂತು? ದಿನಕ್ಕೆ ಎಷ್ಟು ಕೊಡ ನೀರು ಬೇಕು, ಯಾವ ಹೊತ್ತಿಗೆ ಬಿಟ್ಟರೆ ಅನುಕೂಲ, ಯಾವ ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಗೊತ್ತಿರುವುದು ಅಡುಗೆಮನೆಯವರಿಗೆ.

ಜಿಲ್ಲಾ ಕಚೇರಿ ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬಂದದ್ದು 2007ರಲ್ಲಿ. ಕಚೇರಿ ಹತ್ತಿರವಾದ ಮಾತ್ರಕ್ಕೆ ನ್ಯಾಯ ಹತ್ತಿರವಾಗುವುದಿಲ್ಲ, ಅದನ್ನು ಕೇಳಲು ಹೋಗುವವರು ಬೇಕು. ಹೊಳೆಗಳು ಯಾವ ಗಡಿಯನ್ನೂ ಲೆಕ್ಕಿಸದೆ ಹರಿದು ಹೋಗುತ್ತವೆ. ಆದರೆ ಬಿದ್ದ ಮಳೆಯನ್ನು ನಮ್ಮ ಕೆರೆಯಲ್ಲಿ, ನಮ್ಮ ತಾರಸಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿಕೊಳ್ಳುವುದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅಥವಾ ನಿಮ್ಮ ವಾರ್ಡಿನ ಸದಸ್ಯರನ್ನು ಕಂಡಾಗ ಮೂರೇ ಪ್ರಶ್ನೆಗಳನ್ನು ಕೇಳಿ. ನಮ್ಮ ನೀರಿನ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ? ನಮ್ಮ ಕೆರೆ ಯಾವ ಇಲಾಖೆಯದು? ಅದರ ಕಾಲುವೆ ಎಲ್ಲಿ ಮುಚ್ಚಿಹೋಗಿದೆ? ನೀವು ಒಬ್ಬರೇ ಕೇಳಿದರೆ ನಕ್ಕು ಕಳಿಸಬಹುದು. ಕೇರಿಯ ಹತ್ತು ಮಂದಿ ಹೆಂಗಸರು ಜೊತೆಯಾಗಿ ಕೇಳಿದರೆ ಕಡತ ತೆರೆಯಲೇಬೇಕಾಗುತ್ತದೆ.